ಮೀಟಿಂಗ್ ಬೆಳಗ್ಗೆ ಹನ್ನೊಂದು ಗಂಟೆಗೆ

ಹೋದ ತಿಂಗಳು ನಮ್ಮ ಬೀದಿಯ ಯಜಮಾನ್ರೊಬ್ರು ಮನೆ ಕಂದಾಯದ ರಸೀದಿ ಜೆರಾಕ್ಸ್ ಮಾಡಿಸೋಕೆ ಅಂಗಡಿಗೆ ಬಂದ್ರು. ಕಾಪಿ ತೆಗೆದು ಕೊಟ್ಟೆ, ದುಡ್ಡೂ ಕೊಟ್ರು, ಆದ್ರೆ ಹೋಗ್ಲಿಲ್ಲ, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ರಸೀದಿನ ಮೂಗಿನ ಹತ್ರ ಹಿಡ್ಕೊಂಡು ಓದ್ತಾ ನಿಂತ್ರು. ಪಂಚಾಯ್ತಿ ರಸೀದಿ ನೋಡಿದವ್ರಿಗೆ ಗೊತ್ತಿರುತ್ತೆ, ಮನೆ ತೆರಿಗೆ ನೂರು ರೂಪಾಯಿ ಅಂದ್ರೆ ಅದರ ಮೇಲೆ ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3 ಅಂತ ಸೇರ್ಕೊಳುತ್ತೆ. "ಇದೇನಪ್ಪ ಶಿಕ್ಷಣ ಕರ? ನಮ್ಮನೇಲಿ ಓದೋ ಮಕ್ಳೇ ಇಲ್ವಲ್ಲ, ನನ್ನ ಹತ್ರ ಯಾಕೆ ಇಸ್ಕೊಂಡ್ರು?" ಅಂದ್ರು. ನಾನು ರಸ್ತೆ ಆಚೆ ಕೈ ತೋರಿಸಿ, ಆ ಶಾಲೆ ನಿಮ್ದೂ ಹೌದು ಯಜಮಾನ್ರೇ, ಅದಕ್ಕೇ ಅಂದೆ. ಅವ್ರು ತಿರುಗಿ ನೋಡಿದ್ರು, ಸ್ವಲ್ಪ ಹೊತ್ತು ನೋಡ್ತಾನೇ ಇದ್ರು. "ನಂದಾ? ಅದು ಸರ್ಕಾರದ್ದಲ್ವಾ" ಅಂದ್ರು.

ಆ ಮಾತು ನಂಗೆ ಅವತ್ತಿಂದ ತಲೇಲಿ ಕೂತ್ಬಿಟ್ಟಿದೆ, ಬರೆದು ಇಳಿಸೋಣ ಅಂತ ಇವತ್ತು ಅಂಗಡಿ ಬಾಗಿಲು ಹಾಕ್ದ ಮೇಲೆ ಕೂತಿದೀನಿ.

ನಮ್ಮದು ತುಮಕೂರು ಜಿಲ್ಲೆ ತೆಂಗಿನ ಸೀಮೆಯ ಒಂದು ಹೋಬಳಿ ಊರು. ಅಂಗಡಿ ಇರೋದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಗೇಟಿನ ಎದುರಿಗೇ. ಜೆರಾಕ್ಸು, ಡಿಟಿಪಿ, ಪಾಸ್‌ಪೋರ್ಟ್ ಸೈಜ್ ಫೋಟೊ, ಆನ್‌ಲೈನ್ ಅರ್ಜಿ, ನಾಡಕಚೇರಿಯ ಜಾತಿ ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಹುಡುಕಿಕೊಡೋದು, ಸ್ಕಾಲರ್‌ಶಿಪ್ ಅಪ್ಲಿಕೇಶನ್ನು, ಇದೇ ನನ್ನ ಜೀವನ, ಸುಮಾರು ಹದಿನಾಲ್ಕು ವರ್ಷದಿಂದ. ಸರ್ವರ್ ಡೌನ್ ಆದಾಗ ಜನ ಕಾಯ್ಬೇಕಲ್ಲ, ಅದಕ್ಕೆ ಹೊರಗಡೆ ಒಂದು ಮರದ ಬೆಂಚು ಹಾಕಿದೀನಿ. ಕಾನೂನು, ಶಾಲೆ, ರಸ್ತೆ, ಚರಂಡಿ, ರೇಷನ್ ಕಾರ್ಡು, ಎಲ್ಲದರ ಬಗ್ಗೆನೂ ಅಭಿಪ್ರಾಯ ಹುಟ್ಟೋದು ಆ ಬೆಂಚಿನ ಮೇಲೆ. ಒಟಿಪಿ ಬರೋ ತನಕ ಕೇಳಿಸ್ಕೋತಾ ಇರ್ತೀನಿ.

ಬೆಂಚಿನ ಮೇಲೆ ಅತಿ ಹೆಚ್ಚು ಸಲ ಕೇಳಿರೋ ಮಾತು ಅಂದ್ರೆ, ಸರ್ಕಾರಿ ಸಂಬಳ ತಗೊಳೋರ ಮಕ್ಳೆಲ್ಲ ಸರ್ಕಾರಿ ಶಾಲೆಗೇ ಬರ್ಬೇಕು ಅಂತ ಒಂದು ಕಾನೂನು ಮಾಡ್ಲಿ, ಆಗ ನೋಡಿ ಶಾಲೆ ಹೆಂಗೆ ಉದ್ಧಾರ ಆಗುತ್ತೆ ಅನ್ನೋದು. ಡಿಸಿ ಮಗ, ತಹಶೀಲ್ದಾರ್ ಮಗಳು ಇಲ್ಲಿ ಕೂತು ಓದಿದ್ರೆ ಮಾರನೇ ದಿನವೇ ಕಾಂಪೌಂಡ್ ಏಳುತ್ತೆ ಅಂತಾರೆ. ಇದು ಬರೀ ಬೆಂಚಿನ ಮಾತಲ್ಲ, 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶ ಸರ್ಕಾರಕ್ಕೆ ಇದನ್ನೇ ಹೇಳಿತ್ತು, ಸರ್ಕಾರದ ಖಜಾನೆಯಿಂದ ಸಂಬಳ ತಗೊಳೋರು, ಜನಪ್ರತಿನಿಧಿಗಳು, ಜಡ್ಜ್‌ಗಳು ಎಲ್ಲರ ಮಕ್ಕಳೂ ಸರ್ಕಾರದ ಪ್ರಾಥಮಿಕ ಶಾಲೆಗೇ ಹೋಗೋ ಹಂಗೆ ವ್ಯವಸ್ಥೆ ಮಾಡಿ ಅಂತ. ಹತ್ತು ವರ್ಷ ಆಯ್ತು, ಜಾರಿಗೆ ಬರ್ಲಿಲ್ಲ. ನಾನೂ ಮುಂಚೆ ಈ ಮಾತನ್ನ ಜೋರಾಗೇ ಹೇಳ್ತಿದ್ದೆ. ಈಗ ಹೇಳೋಕೆ ಮನಸ್ಸು ಬರಲ್ಲ. ಯಾಕಂದ್ರೆ ಆ ಮಾತಿನ ಒಳಗೆ ಏನಿದೆ ಅಂದ್ರೆ, ಈಗ ಅಲ್ಲಿ ಓದ್ತಿರೋ ಮಕ್ಕಳ ಅಪ್ಪ ಅಮ್ಮ ಕೇಳಿದ್ರೆ ಏನೂ ಆಗಲ್ಲ, ಕೇಳೋಕೆ ದೊಡ್ಡೋರೇ ಬರ್ಬೇಕು ಅಂತ. ಆ ತಾಯಂದಿರಿಗೆ ಕೇಳೋ ಅಧಿಕಾರನ ಕಾನೂನು ಆಗಲೇ ಕೊಟ್ಟಿದೆ. ಅದು ಅವ್ರ ಕೈಗೆ ಯಾಕೆ ಸಿಗ್ತಿಲ್ಲ ಅನ್ನೋದೇ ನಾನು ಹೇಳ್ಬೇಕು ಅಂತಿರೋದು, ಅದಕ್ಕೆ ಮುಂಚೆ ಒಂದೆರಡು ವಿಷಯ ಹೇಳ್ಬಿಡ್ತೀನಿ.

ಕಾನೂನು ಅಂದ್ರೆ ಏನು ಅಂತ ನಂಗೆ ಮೊದಲ ಸಲ ಹತ್ತಿರದಿಂದ ಗೊತ್ತಾಗಿದ್ದು 2021ರಲ್ಲಿ. ಲಾಕ್‌ಡೌನ್ ಮುಗಿದಿತ್ತು, ಗೂಡ್ಸ್ ಆಟೊ ಓಡಿಸೋ ಒಬ್ಬ ಹುಡುಗ ಬಂದ, ವಯಸ್ಸು ಮೂವತ್ತೈದು ಇರ್ಬಹುದು, ನಂಗೆ ಹುಡುಗನೇ. ಅವನ ಇಬ್ಬರು ಮಕ್ಕಳು ಒಂದು ಖಾಸಗಿ ಶಾಲೇಲಿದ್ರು, ಎರಡು ವರ್ಷದ ಫೀಸು ಕಟ್ಟಿರ್ಲಿಲ್ಲ, ಬಾಡಿಗೆನೇ ಇಲ್ಲ ಎಲ್ಲಿಂದ ಕಟ್ತಾನೆ. ಮಕ್ಕಳನ್ನ ಎದುರಿಗಿನ ಸರ್ಕಾರಿ ಶಾಲೆಗೆ ಸೇರಿಸ್ಬೇಕು ಅಂತ ಟಿಸಿ ಕೇಳಿದ್ರೆ, ಬಾಕಿ ಪೂರ್ತಿ ಕಟ್ಟಿ ಟಿಸಿ ತಗೊಂಡೋಗಿ ಅಂದಿದಾರೆ. ಇಲ್ಲಿ ಹೆಡ್ ಮೇಡಂ ಒಳ್ಳೇವ್ರು, ಮಕ್ಳನ್ನ ಕಳ್ಸಪ್ಪ ಕೂತ್ಕೊಳ್ಲಿ ಅಂದ್ರು, ಮಕ್ಕಳು ಬಂದು ಕೂತ್ರು ಕೂಡ. ಆದ್ರೆ ಈಗ ಎಲ್ಲಾ ಸ್ಯಾಟ್ಸ್ ಅಲ್ವಾ, ಮಕ್ಕಳ ದಾಖಲೆ ಇಡೋ ಸರ್ಕಾರದ ಆನ್‌ಲೈನ್ ವ್ಯವಸ್ಥೆ, ಪ್ರತಿ ಮಗುಗೂ ಒಂದು ನಂಬರ್, ಹಳೇ ಶಾಲೆಯವ್ರು ಅಲ್ಲಿಂದ ಬಿಡುಗಡೆ ಮಾಡ್ದೆ ಇದ್ರೆ ಇಲ್ಲಿನ ಲೆಕ್ಕಕ್ಕೆ ಆ ಮಗು ಬರಲ್ಲ. ಪುಸ್ತಕ, ಬಟ್ಟೆ, ಬಿಸಿಯೂಟದ ಅಕ್ಕಿ, ಸ್ಕಾಲರ್‌ಶಿಪ್ಪು, ಎಲ್ಲಾ ಆ ನಂಬರ್ ಮೇಲೇನೇ. ಮಗು ಕಣ್ಣೆದುರಿಗೆ ಕೂತಿದೆ, ಕಂಪ್ಯೂಟರಲ್ಲಿ ಇಲ್ಲ.

ಅಣ್ಣ ಒಂದು ಅರ್ಜಿ ಟೈಪ್ ಮಾಡ್ಕೊಡು, ಬಿಇಒ ಆಫೀಸಿಗೆ ಕೊಡ್ತೀನಿ, ಕೈ ಮುಗ್ದು ಕೇಳ್ಕೋತೀನಿ ಅಂತ ಬರಿ ಅಂದ. ನಾನು ಸಾಮಾನ್ಯವಾಗಿ ಜನ ಹೇಳಿದ್ದನ್ನ ಹಂಗೇ ಟೈಪ್ ಮಾಡ್ತೀನಿ, ಅವತ್ತು ಯಾಕೋ ಕೈ ಮುಗ್ದು ಅಂತ ಹೊಡಿಯೋಕೆ ಬೆರಳು ಬರ್ಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಅಂತ ಇದ್ಯಲ್ಲ ಅದ್ರಲ್ಲಿ ಏನಾದ್ರೂ ಇರ್ಬಹುದು ಅಂತ ಹುಡುಕಿ ಓದ್ದೆ. ಐದನೇ ಸೆಕ್ಷನ್‌ನಲ್ಲೇ ಇತ್ತು. ಒಂದು ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗ್ಬೇಕು ಅಂದ್ರೆ ಈಗಿರೋ ಶಾಲೆಯ ಮುಖ್ಯಸ್ಥರು ತಕ್ಷಣ ಟಿಸಿ ಕೊಡ್ಬೇಕು, ಟಿಸಿ ತಡ ಆಯ್ತು ಅಂತ ಹೊಸ ಶಾಲೆಯವ್ರು ಸೇರಿಸ್ಕೊಳೋಕೆ ತಡ ಮಾಡೋ ಹಾಗೂ ಇಲ್ಲ, ಸೇರಿಸ್ಕೊಳಲ್ಲ ಅನ್ನೋ ಹಾಗೂ ಇಲ್ಲ. ಇಷ್ಟು ಸ್ಪಷ್ಟವಾಗಿ. ಅದನ್ನ ಕನ್ನಡದಲ್ಲಿ ಅರ್ಜಿಗೆ ಹಾಕಿ ಅವನಿಗೆ ಓದಿ ಹೇಳ್ದೆ. ಅವನು ಕೇಳಿದ್ದು ಇನ್ನೂ ಕಿವೀಲಿದೆ: "ಇದು ನಿಜವಾಗ್ಲೂ ಕಾನೂನಲ್ಲಿ ಐತಾ ಅಣ್ಣ? ಯಾವಾಗಿಂದ ಐತೆ?" 2010ರ ಏಪ್ರಿಲ್ ಒಂದನೇ ತಾರೀಖಿಂದ ಅಂದೆ. ಹನ್ನೊಂದು ವರ್ಷ. ಅವನ ದೊಡ್ಡ ಮಗ ಹುಟ್ಟೋಕೆ ಮುಂಚಿಂದ ಇದೆ.

ಎರಡು ವಾರಕ್ಕೆ ಟಿಸಿ ಸಿಕ್ತು, ಬಿಇಒ ಆಫೀಸಿಂದ ಫೋನ್ ಹೋಯ್ತು ಅಂತ ಆಮೇಲೆ ಹೇಳ್ದ. ಆದ್ರೆ ಆ ಎರಡು ವಾರದಲ್ಲಿ ಮೂರು ದಿನ ಅವನು ಗಾಡಿ ಓಡಿಸ್ಲಿಲ್ಲ, ಮೂರು ದಿನದ ಬಾಡಿಗೆ ಹೋಯ್ತು. ಇನ್ನೊಂದು ಮಾತೂ ಹೇಳ್ಬೇಕು, ಆ ಶಾಲೆಯವ್ರನ್ನ ಬರೀ ಬೈಯೋಕೆ ನಂಗೆ ಇಷ್ಟ ಇಲ್ಲ, ಆ ಎರಡು ವರ್ಷ ಸಣ್ಣ ಖಾಸಗಿ ಶಾಲೆ ಮೇಷ್ಟ್ರುಗಳು ಪಟ್ಟ ಕಷ್ಟ ನಾನು ನೋಡಿದೀನಿ, ಸಂಬಳ ಇಲ್ದೆ ತರಕಾರಿ ಮಾರಿದವ್ರಿದ್ರು. ಬಾಕಿ ಇದ್ರೆ ಅಪ್ಪನ ಹತ್ರ ಕೇಳ್ಲಿ, ಕಂತಲ್ಲಿ ಇಸ್ಕೊಳ್ಲಿ, ಮಗುವಿನ ಟಿಸಿನ ಬೀರುಲಿ ಇಟ್ಕೊಂಡು ಕೇಳ್ಬಾರ್ದು. ಕಾನೂನು ಹೇಳೋದೂ ಅಷ್ಟೇ.

ಆ ಅರ್ಜಿನ ಒಂದು ಫೈಲ್ ಮಾಡಿ ಇಟ್ಕೊಂಡೆ. ಆಮೇಲೆ ಎಷ್ಟೋ ಜನಕ್ಕೆ ಹೆಸರು ಬದಲಾಯಿಸಿ ಪ್ರಿಂಟ್ ಕೊಟ್ಟಿದೀನಿ.

ಅದೇ ಕಾಯ್ದೆಯ ಇನ್ನೊಂದು ಮುಖನೂ ನಮ್ಮ ಅಂಗಡಿ ಮುಂದೆ ಹಾದು ಹೋಗಿದೆ. 25 ಪರ್ಸೆಂಟ್ ಆರ್‌ಟಿಇ ಸೀಟು ಇತ್ತಲ್ಲ, ಬಡವರ ಮಕ್ಕಳಿಗೆ ಖಾಸಗಿ ಶಾಲೇಲಿ ಒಂದನೇ ಕ್ಲಾಸಿಗೋ ಎಲ್‌ಕೆಜಿಗೋ ಉಚಿತ ಸೀಟು, ಅದಕ್ಕೆ ಆನ್‌ಲೈನ್ ಅರ್ಜಿ ಹಾಕೋ ಕಾಲದಲ್ಲಿ ಬೆಂಚು ಸಾಲದೆ ಜನ ಚರಂಡಿ ಕಲ್ಲಿನ ಮೇಲೆ ಕೂರೋರು. ಲಾಟರೀಲಿ ಹೆಸರು ಬಂತು ಅಂತ ನನ್ನ ಸ್ಕ್ರೀನ್ ಮುಂದೆನೇ ಒಬ್ಬ ತಾಯಿ ಅತ್ತಿದ್ದು ನೋಡಿದೀನಿ. ಸಂತೋಷಕ್ಕೆ. ಅದೇ ಸಮಯದಲ್ಲಿ ಎದುರಿಗಿನ ಶಾಲೆಯ ಪ್ರಾರ್ಥನೆ ಸಾಲು ವರ್ಷ ವರ್ಷ ಚಿಕ್ಕದಾಗ್ತಾ ಹೋಗಿದ್ದನ್ನೂ ಇದೇ ಕೌಂಟರಲ್ಲಿ ಕೂತು ನೋಡಿದೀನಿ, ಒಂದನೇ ಕ್ಲಾಸಿನ ಸಾಲಲ್ಲಿ ಒಂದು ವರ್ಷ ಬರೀ ಏಳು ಮಕ್ಕಳಿದ್ರು. ಒಂದೇ ಬಾಣಲಿಯಿಂದ ಎರಡು ತಟ್ಟೆಗೆ ಬಡಿಸೋ ಹಂಗೆ ಇತ್ತು ಅದು. ಆಮೇಲೆ 2019ರ ಜನವರೀಲಿ ಸರ್ಕಾರ ನಿಯಮ ಬದಲಾಯಿಸ್ತು, ಅಕ್ಕಪಕ್ಕ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೇಲಿ ಆ ಸೀಟು ಇಲ್ಲ ಅಂತ, ಮೇ 31ಕ್ಕೆ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಊರಿಗೊಂದು ಸರ್ಕಾರಿ ಶಾಲೆ ಇದ್ದೇ ಇರುತ್ತಲ್ಲ, ಹಾಗಾಗಿ ನಮ್ಮ ಕಡೆ ಆ ಸೀಟು ಹೆಚ್ಚು ಕಮ್ಮಿ ನಿಂತೇ ಹೋಯ್ತು.

ಲೆಕ್ಕಕ್ಕೆ ನೋಡಿದ್ರೆ ಸರಿನೇ ಅನ್ಸುತ್ತೆ. ಪಕ್ಕದಲ್ಲೇ ತನ್ನ ಶಾಲೆ ಇಟ್ಕೊಂಡು ಸರ್ಕಾರ ಖಾಸಗಿಯವ್ರಿಗೆ ವರ್ಷಕ್ಕೆ ನೂರಾರು ಕೋಟಿ ಯಾಕೆ ಕಟ್ಬೇಕು. ಆದ್ರೆ ಉಳಿದ ದುಡ್ಡು ರಸ್ತೆ ದಾಟಿ ಈ ಶಾಲೆಗೆ ಬರ್ಬೇಕಿತ್ತಲ್ವಾ? ನಾನು ದಿನಾ ನೋಡೋ ಕಟ್ಟಡಕ್ಕೆ ಅದು ಬಂದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಇಂಗ್ಲಿಷ್ ವಿಷಯನೂ ಹಂಗೇ. 2014ರಲ್ಲಿ ಸುಪ್ರೀಂ ಕೋರ್ಟು ಯಾವ ಮೀಡಿಯಂ ಅನ್ನೋದು ತಂದೆ ತಾಯಿ ಆಯ್ಕೆ, ಮಾತೃಭಾಷೇಲೇ ಕಲಿಸಿ ಅಂತ ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರೋ ಹಾಗಿಲ್ಲ ಅಂತು. 2019ರಿಂದ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ಶುರು ಮಾಡ್ತು. ನಮ್ಮ ಶಾಲೆಗೆ ಮಗು ಸೇರಿಸೋಕೆ ಬರೋ ಪ್ರತಿ ತಾಯಿನೂ ಮೊದಲು ಕೇಳೋದು ಇಂಗ್ಲಿಷ್ ಮೀಡಿಯಂ ಐತಾ ಅಂತ, ಅದನ್ನ ಕೇಳಿ ನಂಗೆ ಅವ್ರ ಮೇಲೆ ಕೋಪ ಬರಲ್ಲ, ನಾರಿನ ಫ್ಯಾಕ್ಟರೀಲಿ ಧೂಳು ಕುಡಿದು ದುಡಿಯೋಳು ಮಗಳು ಆ ಧೂಳಿಗೆ ಬರ್ಬಾರ್ದು ಅಂತ ಕೇಳ್ತಾಳೆ.

ನನ್ನ ಮಗಳನ್ನ 2022ರಲ್ಲಿ ಇದೇ ಶಾಲೆಗೆ ಸೇರಿಸ್ದೆ. ನಮ್ಮ ಅತ್ತೆ ಮನೇಲಿ ಸಣ್ಣ ಗಲಾಟೆನೇ ಆಯ್ತು, ಅದು ಬೇಡ ಬಿಡಿ. ನಾನು ಹೇಳ್ಬೇಕು ಅಂತಿರೋದು ಅವಳ ನಲಿಕಲಿ ಕ್ಲಾಸು. ಎಚ್.ಡಿ. ಕೋಟೆ ತಾಲ್ಲೂಕಲ್ಲಿ 1995ರಲ್ಲಿ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕೈಯಾರೆ ಕಟ್ಟಿದ ಪದ್ಧತಿ ಅದು, ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು ನಮ್ಮ ಮಕ್ಕಳಿಗೆ ತಕ್ಕ ಹಂಗೆ ಮಾಡಿದ್ದು. ಮೊದಲ ದಿನ ಬಾಗಿಲಲ್ಲಿ ನಿಂತು ನೋಡ್ದೆ, ಬೆಂಚೇ ಇಲ್ಲ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿದಾರೆ, ಗೋಡೇಲಿ ಏಣಿ ಥರ ಒಂದು ಚಾರ್ಟು, ಒಂದು ಪುಟ್ಟ ಹುಡುಗ ಎದ್ದು ಹೋಗಿ ತಾನು ಎಲ್ಲಿದೀನಿ ಅಂತ ಬೆರಳಿಟ್ಟು ಹುಡುಕಿ, ಆ ಚಿತ್ರ ಇರೋ ಕಾರ್ಡನ್ನ ತಾನೇ ತಗೊಂಡು ಬಂದು ಕೂತ. ಯಾರೂ ಅವನಿಗೆ ಹೇಳ್ಲಿಲ್ಲ. ಆರು ವರ್ಷದ ಹುಡುಗನಿಗೆ ತನ್ನ ಪಾಠ ಎಲ್ಲಿದೆ ಅಂತ ಗೊತ್ತಿತ್ತು. ಇಂಥದ್ದೊಂದು ನಮ್ಮ ಊರಲ್ಲಿ, ನಮ್ಮ ಹತ್ತು ರೂಪಾಯಿ ಶಿಕ್ಷಣ ಕರದಲ್ಲಿ ನಡೀತಿದೆ ಅಂತ ನಂಗೆ ಅಂಗಡಿ ಇಟ್ಟು ಹತ್ತು ವರ್ಷ ಆದ್ರೂ ಗೊತ್ತಿರ್ಲಿಲ್ಲ, ನಡುವೆ ಇದ್ದಿದ್ದು ಇಪ್ಪತ್ತಡಿ ರಸ್ತೆ ಅಷ್ಟೇ.

ಮಗಳು ಸೇರಿದ ಮೇಲೆ ನನ್ನನ್ನ ಎಸ್‌ಡಿಎಂಸಿಗೆ ಹಾಕಿದ್ರು, ಅಂಗಡಿ ಎದುರಿಗೇ ಇದೆ ಯಾವಾಗ ಬೇಕಾದ್ರೂ ಬರ್ತಾನೆ ಅಂತ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇದು ಸಣ್ಣ ವಿಷಯ ಅಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿ, 2001ರಲ್ಲೇ ನಮ್ಮ ರಾಜ್ಯ ಈ ಸಮಿತಿಗಳನ್ನ ತಂತು, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬರೋಕೆ ಒಂಬತ್ತು ವರ್ಷ ಮುಂಚೆ. ಆಮೇಲೆ ಬಂದ ಕಾಯ್ದೆಯ 21ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ ಸಮಿತಿಯ ಮುಕ್ಕಾಲು ಭಾಗ ಆ ಶಾಲೇಲಿ ಓದೋ ಮಕ್ಕಳ ತಂದೆ ತಾಯಿಯರೇ ಇರ್ಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಶಾಲೆಗೆ ಬರೋ ದುಡ್ಡು ಹೆಂಗೆ ಖರ್ಚಾಗುತ್ತೆ ಅಂತ ನೋಡೋದು ಅವ್ರು, ಶಾಲೆ ಅಭಿವೃದ್ಧಿ ಯೋಜನೆ ಬರೆಯೋದು ಅವ್ರು. ಕೇಂದ್ರದ 2010ರ ಮಾದರಿ ನಿಯಮದಲ್ಲಿ ತಿಂಗಳಿಗೊಂದು ಸಲನಾದ್ರೂ ಸೇರ್ಬೇಕು, ನಡಾವಳಿನ ಯಾರು ಕೇಳಿದ್ರೂ ತೋರಿಸ್ಬೇಕು ಅಂತಾನೂ ಇದೆ. ಯೋಚನೆ ಮಾಡಿ ನೋಡಿ, ಕೂಲಿ ಮಾಡೋ ಹೆಣ್ಣುಮಗಳಿಗೆ ಇಷ್ಟು ಅಧಿಕಾರ ಕೊಟ್ಟಿರೋ ಇನ್ನೊಂದು ಕಾನೂನು ನಂಗೆ ನೆನಪಾಗ್ತಿಲ್ಲ.

ಮೊದಲ ಮೀಟಿಂಗಿಗೆ ಹೋದೆ. ಬೆಳಗ್ಗೆ ಹನ್ನೊಂದು ಗಂಟೆ, ಬುಧವಾರ. ಬಂದಿದ್ದವ್ರು ಐದು ಜನ. ನಾನು, ದಿನಸಿ ಅಂಗಡಿಯವ್ರು, ಪಂಚಾಯ್ತಿ ಮೆಂಬರ್ರು, ಟ್ರ್ಯಾಕ್ಟರ್ ಇಟ್ಟಿರೋ ಒಬ್ರು, ಹೆಡ್ ಮೇಡಂ. ಸಮಿತೀಲಿ ಹೆಂಗಸರ ಹೆಸರು ಬೇಕಾದಷ್ಟಿತ್ತು, ಬಂದವ್ರು ಒಬ್ರೂ ಇಲ್ಲ. ಟೀ ಕುಡಿದ್ವಿ, ಏನು ಬಂತು ಏನು ಖರ್ಚಾಯ್ತು ಅಂತ ಮೇಡಂ ಓದಿದ್ರು, ಸೈನ್ ಹಾಕಿದ್ವಿ. ಸಂಜೆ ನಾನು ಬಾಗಿಲು ಹಾಕೋ ಹೊತ್ತಿಗೆ ಏಳನೇ ಕ್ಲಾಸಿನ ಒಬ್ಬ ಹುಡುಗ ಆ ನಡಾವಳಿ ಪುಸ್ತಕನ ಬ್ಯಾಗಲ್ಲಿ ಹಾಕ್ಕೊಂಡು ಹೊರಟಿದ್ದ, ಎಲ್ಲಿಗೋ ಅಂದೆ, "ಅಕ್ಕಂದ್ರ ಮನೆಗೆ ಅಣ್ಣ, ಸೈನ್ ಹಾಕಿಸ್ಕೊಂಡ್ ಬರೋಕೆ" ಅಂದ. ಇಂಕ್ ಪ್ಯಾಡೂ ಇತ್ತು ಬ್ಯಾಗಲ್ಲಿ.

ಇದ್ರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇರ್ಲಿಲ್ಲ, ಅದು ನಂಗೆ ಗೊತ್ತು. ಮೇಡಂ ಹೇಳಿ ಕಳಿಸಿರ್ತಾರೆ, ಬನ್ನಿ ಅಂತ. ಆ ತಾಯಂದಿರು ಬೆಳಗ್ಗೆ ಎಂಟಕ್ಕೆ ಕಾಯಿ ಸುಲಿಯೋಕೆ, ಕೊಬ್ಬರಿ ಕೆಲಸಕ್ಕೆ, ನಾರಿನ ಫ್ಯಾಕ್ಟರಿಗೆ ಹೋದ್ರೆ ಬರೋದು ಸಂಜೆ ಆರಕ್ಕೆ. ಹನ್ನೊಂದಕ್ಕೆ ಬರ್ಬೇಕು ಅಂದ್ರೆ ಅವತ್ತಿನ ಕೂಲಿ ಬಿಡ್ಬೇಕು. ಒಬ್ಬ ಅಕ್ಕ ನಂಗೆ ಹೇಳಿದ್ಲು, "ಬರ್ಬೇಕು ಅಂತ ಆಸೆ ಐತೆ ಕಣಣ್ಣ, ಒಂದಿನ ಬಂದ್ರೆ ಒಂದಿನದ್ದು ಹೋಯ್ತದೆ, ನಾಕು ಸಲ ಬಂದ್ರೆ ಮೇಸ್ತ್ರಿ ನಾಳೆಯಿಂದ ಬರ್ಬೇಡ ಅಂತಾನೆ." ಕಾನೂನು ಅವಳಿಗೆ ಕುರ್ಚಿ ಕೊಡ್ತು, ಆ ಕುರ್ಚೀಲಿ ಕೂರೋಕೆ ಅರ್ಧ ದಿನ ಕೊಡ್ಲಿಲ್ಲ. ನಾನು ಹೇಳ್ಬೇಕು ಅಂತ ಇದ್ದಿದ್ದು ಇದೇ.

ಪಂಚಾಯ್ತಿ ಮೆಂಬರ್‌ಗೆ ಗೌರವಧನ ಇದೆ, ಎಂಎಲ್‌ಎಗೆ ಸಭೆಗೆ ಬಂದ್ರೆ ಭತ್ಯೆ ಇದೆ, ಎಲ್ಲಾ ಇರ್ಲಿ, ಬೇಡ ಅನ್ನಲ್ಲ. ಎಸ್‌ಡಿಎಂಸಿ ತಾಯಿಗೆ ಮಾತ್ರ ಸೇವಾ ಮನೋಭಾವ ಇರ್ಬೇಕು ಅಂತೀವಿ. ನಾನು ಕೂತು ಲೆಕ್ಕ ಹಾಕಿದೀನಿ. 2025-26ಕ್ಕೆ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ಶಾಲೆ ಸಮಿತೀಲಿ ಕೂಲಿ ಮಾಡೋ ತಾಯಂದಿರು ಆರು ಜನ ಅಂತ ಇಟ್ಕೊಳಿ, ತಿಂಗಳಿಗೊಂದು ಮೀಟಿಂಗು, ಪೂರ್ತಿ ದಿನದ ಕೂಲಿ ಕೊಟ್ರೂ ವರ್ಷಕ್ಕೆ 26,640 ರೂಪಾಯಿ. ಅರ್ಧ ದಿನಕ್ಕೆ ಅಂದ್ರೆ 13,320. ಗೋಡೆ ಮೇಲೆ ಬರೆಸೋ ಘೋಷಣೆಗಳಿಗೆ, ಫ್ಲೆಕ್ಸ್‌ಗಳಿಗೆ ಎಷ್ಟು ಹೋಗುತ್ತೆ ಅಂತ ನಾನೇ ಪ್ರಿಂಟ್ ಹಾಕಿಸ್ಕೊಡೋನು, ನಂಗೆ ಗೊತ್ತಿಲ್ವಾ.

ದುಡ್ಡು ಯಾವಾಗ ಬರುತ್ತೋ ಬರಲ್ವೋ, ಟೈಮ್ ಆದ್ರೂ ಬದಲಾಯಿಸೋಣ ಮೇಡಂ, ಸಂಜೆ ಆರೂವರೆಗೆ ಇಟ್ಕೊಳೋಣ ಅಂತ ಕೇಳ್ದೆ. ಅವ್ರ ಮುಖ ಚಿಕ್ಕದಾಯ್ತು. ಅವ್ರ ಕಷ್ಟನೂ ಕಷ್ಟನೇ. ದಿನಾ ಬಸ್ಸಲ್ಲಿ ಮೂವತ್ತು ಕಿಲೋಮೀಟರ್ ಓಡಾಡ್ತಾರೆ, ಐದು ಹತ್ತರ ಬಸ್ ಬಿಟ್ರೆ ಆಮೇಲೆ ಏಳೂವರೆಗೇ, ಮನೇಲಿ ವಯಸ್ಸಾದ ಅತ್ತೆ. ಅದರ ಮೇಲೆ ಕೆಲಸ ಎಷ್ಟು ಅಂತೀರಾ. ಮೊಟ್ಟೆ ಲೆಕ್ಕ ಒಂದೇ ನೋಡಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿಂದ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತಿದಾರೆ, ಅದು ಬಹಳ ಒಳ್ಳೇ ಕೆಲಸ, ನಮ್ಮ ಮಕ್ಕಳ ಕೈಕಾಲು ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ಒಂದು ಮೊಟ್ಟೆಗೆ 6 ರೂಪಾಯಿ, ಅದ್ರಲ್ಲೇ ಗ್ಯಾಸು, ಸಾಗಾಣಿಕೆ, ಸುಲಿಯೋ ಕೂಲಿ ಎಲ್ಲಾ ಆಗ್ಬೇಕು, ಅಂಗಡೀಲಿ ಮೊಟ್ಟೆ ಒಂದಕ್ಕೇ ಏಳು ರೂಪಾಯಿ ಆದ ತಿಂಗಳು ಮೇಡಂ ಕೈಯಿಂದ ಹಾಕಿದ್ದು ನಂಗೆ ಗೊತ್ತು. ಅಡುಗೆ ಮಾಡೋ ಅಕ್ಕಂದ್ರಿಗೆ 2025ರ ಬಜೆಟ್ಟಲ್ಲಿ ಒಂದು ಸಾವಿರ ಜಾಸ್ತಿ ಮಾಡಿದ್ರು, ಆದ್ರೂ ತಿಂಗಳಿಗೆ ಐದು ಸಾವಿರ ಮುಟ್ಲಿಲ್ಲ.

2025ರ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಬಂತಲ್ಲ, ಆಗಂತೂ ನಮ್ಮ ಶಾಲೆಯ ಮೇಷ್ಟ್ರು ನಮ್ಮ ಅಂಗಡಿ ಬೆಂಚಲ್ಲೇ ಇದ್ರು. ಅರವತ್ತು ಪ್ರಶ್ನೆ, ಆ್ಯಪ್ ಓಪನ್ ಆಗಲ್ಲ, ನೆಟ್‌ವರ್ಕ್ ಇಲ್ಲ, ಫೋನ್ ಚಾರ್ಜ್ ಇಲ್ಲ. ನಮ್ಮ ಪ್ಲಗ್‌ಗೆ ಫೋನ್ ಹಾಕಿ, ಚಪ್ಪಲಿ ಬಿಟ್ಟು, ಕಾಲಿನ ಬೊಬ್ಬೆ ನೋಡ್ಕೋತಾ ಕೂತಿದ್ರು, ಇನ್ನೆರಡು ವರ್ಷಕ್ಕೆ ರಿಟೈರ್ ಆಗೋ ಮನುಷ್ಯ. ದಸರಾ ರಜೆ ಅಕ್ಟೋಬರ್ 18ರ ತನಕ ಎಳೀತು. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಇಷ್ಟು ಬಿಟ್ಟು ಶಿಕ್ಷಕರನ್ನ ಬೇರೆ ಕೆಲಸಕ್ಕೆ ಹಾಕೋ ಹಾಗಿಲ್ಲ. ಸಮೀಕ್ಷೆ ಬೇಡ ಅಂತ ನಾನು ಹೇಳಲ್ಲ, ಯಾರ ಮನೇಲಿ ಏನಿದೆ ಏನಿಲ್ಲ ಅಂತ ತಿಳಿಯದೆ ನ್ಯಾಯ ಹಂಚೋಕಾಗಲ್ಲ, ನಮ್ಮ ಮನೆ ವಿವರನೂ ಪೂರ್ತಿ ಕೊಟ್ಟೆ. ಅದಕ್ಕೆ ಮನೆ ಮನೆ ತಿರುಗೋಕೆ ಓದಿರೋ ನಿರುದ್ಯೋಗಿ ಹುಡುಗ ಹುಡುಗೀರು ಊರಿಗೆ ಹತ್ತು ಜನ ಇದಾರೆ, ಅವ್ರಿಗೆ ಆ ದುಡ್ಡು ಕೊಡ್ಬಹುದಿತ್ತು. ಆ ದಿನಗಳಲ್ಲಿ ನನ್ನ ಮಗಳು ಅಂಗಡೀಲಿ ಕೂತು ಖಾಲಿ ಪೇಪರ್ ಹಿಂದೆ ಶಾಲೆ ಚಿತ್ರ ಬರೀತಿದ್ಲು.

ಸಂಜೆ ಮೀಟಿಂಗ್ ವಿಷಯಕ್ಕೆ ಬರ್ತೀನಿ. ಮೇಡಂ ಒಂದು ದಾರಿ ಹುಡುಕಿದ್ರು. ಸರ್ಕಾರಿ ಲೆಕ್ಕದ ಮೀಟಿಂಗ್ ಹನ್ನೊಂದಕ್ಕೇ ಇರ್ಲಿ, ಅದಕ್ಕೆ ಹಿಂದಿನ ವಾರ ಒಂದು ದಿನ ಸಂಜೆ ಸೇರೋಣ, ಏಳೂವರೆ ಬಸ್ಸಿಗೆ ಹೋಗ್ತೀನಿ, ಯಾರಾದ್ರೂ ಸ್ಟಾಪ್ ತನಕ ಬಂದು ನಿಂತ್ಕೊಳಿ ಅಂದ್ರು. ಕಳೆದ ಡಿಸೆಂಬರಲ್ಲಿ ಮೊದಲ ಸಲ ಸೇರಿದ್ವಿ. ಹಜಾರದ ಟ್ಯೂಬ್‌ಲೈಟ್ ಕೆಟ್ಟಿತ್ತು, ನಮ್ಮ ಅಂಗಡಿಯಿಂದ ವೈರ್ ಎಳೆದು ಒಂದು ಬಲ್ಬ್ ಹಾಕ್ದೆ. ಹನ್ನೊಂದು ಜನ ತಾಯಂದಿರು ಬಂದ್ರು, ಸಮಿತೀಲಿ ಇಲ್ದೋರೂ ಬಂದ್ರು, ಕೆಲವ್ರ ತಲೇಲಿ ನಾರಿನ ಧೂಳು ಹಂಗೇ ಇತ್ತು, ಮನೆಗೂ ಹೋಗ್ದೆ ನೇರ ಬಂದಿದ್ರು.

ಮೊದಲ ಅರ್ಧ ಗಂಟೆ ಯಾರೂ ಮಾತಾಡ್ಲಿಲ್ಲ. ಮೇಡಂ ಲೆಕ್ಕ ಓದಿದ್ರು, ಎಲ್ರೂ ತಲೆ ಆಡಿಸಿದ್ರು. ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಅಜ್ಜಿ, ಮಗಳಿಲ್ಲ, ಮೊಮ್ಮಗಳನ್ನ ಅವ್ರೇ ಸಾಕ್ತಿರೋದು, "ಮೇಡಮ್ಮ, ಒಂದು ಮಾತು" ಅಂದ್ರು. ಹೆಣ್ಮಕ್ಳ ಪಾಯಿಖಾನೆ ಬಾಗಿಲಿಗೆ ಚಿಲಕ ಇಲ್ವಂತೆ, ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಬಾಗಿಲು ಹಿಡ್ಕೊಂಡು ನಿಂತಿರ್ಬೇಕಂತೆ, ಹುಡುಗರು ಬಂದು ತಳ್ತಾರಂತೆ. "ನಮ್ ಹುಡ್ಗಿ ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಕಣಮ್ಮ. ಮನೆಗೆ ಬಂದು ಒಂದು ಚೊಂಬು ಗಟಗಟ ಕುಡೀತಾಳೆ. ಉರಿ ಉರಿ ಅಂತಾಳೆ."

ಮೇಡಂ ತಲೆ ತಗ್ಗಿಸಿದ್ರು. ನಂಗೆ ಎದೆಗೆ ಹೊಡೆದಂಗಾಯ್ತು, ಯಾಕಂದ್ರೆ ಶಾಲೆ ಮಾಹಿತಿ ಫಾರಂನ ಪ್ರತಿ ವರ್ಷ ಆನ್‌ಲೈನ್ ತುಂಬಿಸಿಕೊಡೋದು ನಾನು. ಹೆಣ್ಣುಮಕ್ಕಳ ಶೌಚಾಲಯ: ಇದೆ. ಬಳಕೆಯಲ್ಲಿದೆಯೇ: ಹೌದು. ಎರಡು ಸಲ ನನ್ನ ಕೈಯಾರೆ ಹೌದು ಅಂತ ಒತ್ತಿದೀನಿ. ಎಲ್ಲ ಶಾಲೇಲೂ ಶೌಚಾಲಯ ಇರ್ಲೇಬೇಕು ಅಂತ ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ, ಇಲ್ಲಿ ಶೌಚಾಲಯ ಇತ್ತು, ಯಾವ ಲೆಕ್ಕದಲ್ಲೂ ನಮ್ಮ ಶಾಲೆ ತಪ್ಪಿಲ್ಲ. ನನ್ನ ಮಗಳೂ ಅದೇ ಶಾಲೇಲಿ ಓದ್ತಾಳೆ, ಮನೆ ಎದುರಿಗೇ ಇರೋದ್ರಿಂದ ರೀಸೆಸ್‌ಗೆ ಓಡಿ ಬಂದು ಹೋಗ್ತಾಳೆ, ನಾನು ಒಂದು ದಿನನೂ ಯಾಕೆ ಅಂತ ಕೇಳಿರ್ಲಿಲ್ಲ. ಹನ್ನೊಂದು ಗಂಟೆ ಮೀಟಿಂಗಲ್ಲಿ ಮೂರು ವರ್ಷ ಕೂತಿದೀನಿ, ಕಾಂಪೌಂಡು, ಬಣ್ಣ, ಸ್ಮಾರ್ಟ್ ಟಿವಿ, ಧ್ವಜಸ್ತಂಭದ ಕಟ್ಟೆ ಎಲ್ಲಾ ಚರ್ಚೆ ಆಗಿದೆ. ಮೇಡಂ ಒಬ್ರನ್ನ ಬಿಟ್ರೆ ಬರೀ ಗಂಡಸರೇ ಕೂತಿದ್ದ ಆ ಕೊಠಡೀಲಿ ಈ ಮಾತು ಹೆಂಗೆ ಬರುತ್ತೆ.

ಮಾರನೇ ದಿನ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಚಿಲಕ ತಂದ್ವಿ, 160 ರೂಪಾಯಿ. ನಮ್ಮೂರ ಬಡಗಿ ಕೂಲಿ ತಗೊಳ್ಲಿಲ್ಲ, ಅವ್ರ ಮಗಳೂ ಅಲ್ಲೇ ಐದನೇ ಕ್ಲಾಸು. ಬಾಗಿಲ ಕೆಳಗಡೆ ತಗಡು ತುಕ್ಕು ಹಿಡಿದು ತೂತಾಗಿತ್ತು, ಅದಕ್ಕೂ ಒಂದು ಪಟ್ಟಿ ಹೊಡೆದ್ರು.

ಮುಂದಿನ ವಾರ ಹನ್ನೊಂದರ ಮೀಟಿಂಗಿಗೆ ಆ ಅಜ್ಜಿ ಕೂಲಿ ಬಿಟ್ಟು ಬಂದ್ರು. ಅವ್ರು ಸಮಿತಿ ಮೆಂಬರ್ ಅಲ್ಲ, ಬಾಗಿಲ ಹತ್ರ ನೆಲದ ಮೇಲೆ ಕೂರೋಕೆ ಹೋದ್ರು, ಮೇಡಂ ಕೈ ಹಿಡಿದು ಕುರ್ಚಿ ಮೇಲೆ ಕೂರಿಸಿದ್ರು. ಅವತ್ತು ನಡಾವಳಿ ಬರೀತಿದ್ದಿದ್ದು ನಾನು. ಎಲ್ಲಾ ಮುಗಿದ ಮೇಲೆ ಅಜ್ಜಿ, "ನನ್ ಮಾತು ಬರ್ದಿದೀಯೇನಪ್ಪ, ಓದು ನೋಡಾನ" ಅಂದ್ರು. ಓದ್ದೆ: "ಶಾಲಾ ಶೌಚಾಲಯದ ನಿರ್ವಹಣೆ ಕುರಿತು ಚರ್ಚಿಸಿ, ಅಗತ್ಯ ಕ್ರಮ ಕೈಗೊಳ್ಳಲಾಯಿತು."

ಅವ್ರು ಸ್ವಲ್ಪ ಹೊತ್ತು ಸುಮ್ನೆ ಇದ್ರು. "ಚಿಲಕ ಅಂತ ಎಲ್ಲೈತಪ್ಪ ಇದ್ರಲ್ಲಿ?" ಅಂದ್ರು.

ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರ್ದೆ. ಹೆಣ್ಣುಮಕ್ಕಳ ಪಾಯಿಖಾನೆ ಬಾಗಿಲಿಗೆ ಚಿಲಕ ಇರಲಿಲ್ಲ, ಮಕ್ಕಳು ನೀರು ಕುಡಿಯುತ್ತಿರಲಿಲ್ಲ, ಈಗ ಎರಡು ಚಿಲಕ ಹಾಕಿಸಲಾಗಿದೆ. ಓದಿ ಹೇಳ್ದೆ. ಅಜ್ಜಿ ಎದ್ದು ಬಂದು ಪುಸ್ತಕನ ತಮ್ಮ ಕಡೆ ತಿರುಗಿಸ್ಕೊಂಡು, ಓದೋಕೆ ಬರಲ್ಲ, ಆದ್ರೂ ಆ ಸಾಲು ಯಾವುದು ಅಂತ ಕೇಳಿ ಅದ್ರ ಮೇಲೆ ಬೆರಳಿಟ್ಟು ನೋಡಿದ್ರು. ಆಮೇಲೆ ಮೇಡಂ ಇಂಕ್ ಪ್ಯಾಡ್ ತೆಗೆದು ಅವ್ರ ಮುಂದೆ ಇಟ್ರು.